ಎದೆಗೆ ನರ ಇಲ್ಲದವನು

ಮಲಗಿಕೊಂಡು ಸೈಕಲ್ ತುಳಿಯುವಾಗ ಕಾಲಿಗೆ ಬೂಟು ಬೇಕೋ ಚಪ್ಪಲಿ ಸಾಕೋ ಎಂಬುದು ಹಗುರವಾಗಿ ತೀರ್ಮಾನಿಸುವಂಥ ಪ್ರಶ್ನೆಯಲ್ಲ. ಬೊರಿವಲಿಯ ಆ ಎರಡು ಕೋಣೆಯ ಮನೆಯಲ್ಲಿ ಅದರ ಮೇಲೆ ರವಿವಾರದಿಂದ ವಿಚಾರ ನಡೆದಿತ್ತು. ಹೃದಯದ ಪರೀಕ್ಷೆಗೆ ಕರೆದ ಆಸ್ಪತ್ರೆಯವರು ಫೋನಿನಲ್ಲಿ 'ಕಂಫರ್ಟೇಬಲ್ ಆಗಿ ಬನ್ನಿ' ಎಂದಿದ್ದರು. ಕಂಫರ್ಟೇಬಲ್ ಎಂದರೇನೆಂದು ವಿವರಿಸಿರಲಿಲ್ಲ. ಕಾಶಿನಾಥ ಬಿರಾದಾರ ಸಾಂತಾಕ್ರೂಜಿನ ಜೂನಿಯರ್ ಕಾಲೇಜಿನಲ್ಲಿ ತಲೆ ನರೆಯುವ ತನಕ ತರ್ಕಶಾಸ್ತ್ರ ಕಲಿಸಿದವನು. ವ್ಯಾಖ್ಯೆಯಿಲ್ಲದ ಪದವೊಂದು ಎದುರಾದರೆ ಅವನು ಅದನ್ನು ದಾಟಿ ಮುಂದೆ ಹೋಗಲಾರ.

ಹೆಂಡತಿ ಶೈಲಾಳ ತೊಡಕು ಬೇರೆ. ಆಸ್ಪತ್ರೆ ಮುಗಿಸಿ ಹಾಗೇ ಬೈಕುಲ್ಲಾಕ್ಕೆ ಹೋಗುವುದಿತ್ತು. ಅವನ ದೊಡ್ಡಪ್ಪನ ಮಗ ಸುಭಾಷಣ್ಣನ ಹೆಂಡತಿ ತೀರಿಕೊಂಡು ಹದಿನೈದು ದಿನವಾಗಿತ್ತು. ಇವನು ಇನ್ನೂ ಮಾತಾಡಿಸಲು ಹೋಗಿರಲಿಲ್ಲ. ಸತ್ತ ಮನೆಯ ಬಾಗಿಲಲ್ಲಿ ಬಗ್ಗಿ ನಿಂತು ಬೂಟಿನ ಲೇಸು ಬಿಚ್ಚುವುದು ಚಂದ ಕಾಣುವುದಿಲ್ಲ ಎಂದು ಅವಳ ವಾದ.

"ಚಪ್ಪಲ್ ಆದ್ರ ಅಲ್ಲೇ ಬಿಟ್ಟು ಸುಮ್ನ ಒಳಗ ಹೋಗಬಹುದು," ಎಂದಳು.

"ಪೆಡಲಿಗೆ ಕಾಲು ಕಟ್ತಾರ. ಚಪ್ಪಲ್ ಜಾರ್ತದ."

"ಹಂಗಾರ ಬೂಟು ಹಾಕ್ಕೋರಿ, ಚಪ್ಪಲ್ ಚೀಲದಾಗ ಇರ್ಲಿ."

ಎರಡೂ ಪಕ್ಷಗಳನ್ನು ಒಪ್ಪಿಸುವ ಪರಿಹಾರವಾದ್ದರಿಂದ ಅದು ಇಬ್ಬರಿಗೂ ಹಿಡಿಸಲಿಲ್ಲ. ಕೊನೆಗೆ ಅವನು ಬೂಟು ಹಾಕಿಕೊಂಡ. ಚೀಲದಲ್ಲಿ ಹಳೆಯ ಫೈಲು, ನೀರಿನ ಬಾಟಲಿ, ಗುಳಿಗೆಯ ಡಬ್ಬಿ ಇದ್ದವು, ಚಪ್ಪಲಿ ಇರಲಿಲ್ಲ. ಮಗಳು ಸ್ನೇಹಲ್ ಒಳಗಿನ ಕೋಣೆಯಿಂದಲೇ "ಆಲ್ ದ ಬೆಸ್ಟ್ ಪಪ್ಪಾ" ಎಂದಳು. ಅಷ್ಟು ಸಾಕಾಗಿತ್ತು. ಅಪ್ಪನಿಗೆ ಅದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಗೊತ್ತಾದದ್ದು ಹೀಗೆ. ಆರು ವರ್ಷದ ಹಿಂದೆ ಕಾಶಿನಾಥನ ಕೆಟ್ಟ ಹೃದಯ ತೆಗೆದು ಯಾರದೋ ಹೃದಯ ಕೂಡಿಸಿದರು. ಯಾರದೆಂದು ಹೇಳುವ ಪದ್ಧತಿ ಇಲ್ಲ. ಅವನೂ ಕೇಳಲಿಲ್ಲ. ರಕ್ತನಾಳಗಳನ್ನು ಒಂದಕ್ಕೊಂದು ಹೊಲಿಯಬಹುದು, ನರಗಳನ್ನು ಹೊಲಿಯಲು ಬರುವುದಿಲ್ಲ. ಅವು ಕಡಿದಲ್ಲೇ ಉಳಿಯುತ್ತವೆ. ಆದ್ದರಿಂದ ಹೊಸ ಹೃದಯಕ್ಕೆ ಮೈಯ ಸುದ್ದಿ ತಡವಾಗಿ ಮುಟ್ಟುತ್ತದೆ. ಉಳಿದವರ ಎದೆ ನಾಲ್ಕು ಮೆಟ್ಟಿಲು ಹತ್ತುವುದರೊಳಗೆ ಓಡತೊಡಗಿದರೆ ಇವನದು ಹತ್ತಿ ಮುಗಿಸಿ ಕುರ್ಚಿಯಲ್ಲಿ ಕುಳಿತ ಮೇಲೆ, ರಕ್ತದಲ್ಲಿ ಚೋದಕ ರಸ ಹರಿದು ಬಂದು ಎಬ್ಬಿಸಿದಾಗ, ನಿಧಾನ ಎದ್ದು ಓಡುತ್ತದೆ. ನಿಲ್ಲುವುದೂ ಅಷ್ಟೇ ನಿಧಾನ. ನೋವಂತೂ ತಿಳಿಯುವುದೇ ಇಲ್ಲ. ಒಳಗೆ ನಾಳ ಕಟ್ಟಿಕೊಂಡರೂ ಎದೆ ತೆಪ್ಪಗಿರುತ್ತದೆ. ಹಾಗಾಗಿ ವರ್ಷವರ್ಷ ತಪಾಸಣೆ.

ಇದನ್ನು ಅವನು ನೋಡಲು ಬಂದ ನೆಂಟರಿಗೆಲ್ಲ ಹೇಳಿದ. ಮಲಗಿದವನಿಗೆ ಹೇಳಿಕೊಳ್ಳಲು ಬೇರೆ ವಿಷಯವೂ ಇರಲಿಲ್ಲ. ಕೇಳಿದವರಲ್ಲಿ ಅವನ ಸೋದರತ್ತೆ ರಾಚವ್ವ ಇದ್ದಳು. ಬೈಕುಲ್ಲಾದಲ್ಲಿ ಸುಭಾಷನ ಮನೆಯಲ್ಲಿ ಇರುವವಳು. ಮುಂಬಯಿಯಿಂದ ವಿಜಯಪುರದವರೆಗೆ ಹರಡಿದ ಬಂಧುಬಳಗಕ್ಕೆ ಸುದ್ದಿ ಮುಟ್ಟಿಸುವುದು ಅವಳ ಸ್ವಯಂ ನೇಮಕದ ಹುದ್ದೆ. ವಿವರಣೆಯನ್ನು ಪೂರ್ತಿ ಕೇಳಿ ಅವಳು ಸಾರಾಂಶ ತೆಗೆದಳು: "ಅವನ ಎದಿಗೆ ನರಾ ಇಲ್ಲ. ಪಾಪ, ಇನ್ನ ಅವಗ ಏನೂ ಅನಸೂದಿಲ್ಲ."

ಆಧಾರಕ್ಕೂ ನಿರ್ಣಯಕ್ಕೂ ನಡುವೆ ಎತ್ತಿನ ಗಾಡಿ ಹಾದುಹೋಗುವಷ್ಟು ಸಂದು. ಹನ್ನೊಂದನೇ ಇಯತ್ತೆಯ ಹುಡುಗ ಹೀಗೆ ಬರೆದಿದ್ದರೆ ಕಾಶಿನಾಥ ಕೆಂಪು ಪೆನ್ನಿನಲ್ಲಿ ದೋಷದ ಹೆಸರು ಬರೆದು ಸೊನ್ನೆ ಹಾಕುತ್ತಿದ್ದ. ಅತ್ತೆಯನ್ನು ತಿದ್ದಲಿಲ್ಲ. ಮೊದಮೊದಲು ದಣಿವಿತ್ತು. ಆಮೇಲೆ ಅದರಲ್ಲಿರುವ ಸೌಕರ್ಯ ತಿಳಿಯಿತು.

ಆಸ್ತಿಯ ಪಂಚಾಯಿತಿಗೆ ಅವನನ್ನು ಕರೆಯುವುದು ನಿಂತಿತು. ಕೆಟ್ಟ ಸುದ್ದಿಗಳು ಅವನನ್ನು ಬಳಸಿಕೊಂಡು ಹಾದುಹೋದವು. ಮಗಳು ಯಾವುದೋ ಹುಡುಗನ ಸಲುವಾಗಿ ಮೂರು ದಿನ ಊಟ ಬಿಟ್ಟಾಗ ತಾಯಿ ಬಾಗಿಲು ಬಡಿದಳು, ತಂದೆ ಪೇಪರು ಓದಿದ. ಯಾರೂ ತಪ್ಪು ತಿಳಿಯಲಿಲ್ಲ. ಎರಡು ವರ್ಷದ ಹಿಂದೆ ಹುಟ್ಟೂರು ಇಂಡಿಯಲ್ಲಿ ತಾಯಿ ಚನ್ನವ್ವ ತೀರಿಕೊಂಡಾಗ ಅವನು ಹೆಣದ ತಲೆಯ ಕಡೆ ಒಣ ಕಣ್ಣಿನಿಂದ ನಿಂತಿದ್ದ. ಹೆಂಗಸರು ಹಾಡಿಕೊಂಡು ಅಳುವುದನ್ನು ನಡುವೆ ನಿಲ್ಲಿಸಿ ರಾಚವ್ವ ಊರವರಿಗೆ ಅವನ ನರದ ವಿಷಯ ವಿವರಿಸಿದಳು. ಸತ್ತವಳಿಗಿಂತ ಹೆಚ್ಚಿನ ಮರುಕ ಅವನಿಗೆ ಸಿಕ್ಕಿತು.

ಆವತ್ತು ಅವನು ತನ್ನೊಳಗೆ ಹುಡುಕಿ ನೋಡಿದ್ದ. ಪರೀಕ್ಷೆ ಮುಗಿದ ಮರುದಿನದ ತರಗತಿಯ ಹಾಗೆ ಇತ್ತು: ಬೆಂಚುಗಳು ಇದ್ದವು, ಯಾರೂ ಇರಲಿಲ್ಲ. ನರ ಇಲ್ಲವಲ್ಲ, ಎಂದುಕೊಂಡ. ಅತ್ತೆಯ ತರ್ಕವನ್ನು ಅವನು ತನಗೆ ತಾನೇ ಅನ್ವಯಿಸಿಕೊಂಡದ್ದು ಅದೇ ಮೊದಲು. ಆಮೇಲೆ ಅದು ರೂಢಿಯಾಯಿತು.

ಶೈಲಾ ಮಾತ್ರ ಇದನ್ನು ಪೂರ್ತಿ ನಂಬಲಿಲ್ಲ, ಪೂರ್ತಿ ತಳ್ಳಿಹಾಕಲೂ ಇಲ್ಲ. ಅವಳು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಖಾತೆ ತಾಳೆಯಾಗದಿದ್ದರೆ ಮನೆಗೆ ಹೋಗದಿರುವುದು ಅವಳ ಅಭ್ಯಾಸ. ಹೋದ ಸಲದ ತಪಾಸಣೆಯಲ್ಲಿ ಡಾಕ್ಟರ್ ಪೆಡ್ನೇಕರ್ ಮಾತಿನ ನಡುವೆ ಒಂದು ವಿಷಯ ಹೇಳಿದ್ದರು. ಕಡಿದ ನರಗಳು ಕೆಲವರಲ್ಲಿ ವರ್ಷಗಳ ಮೇಲೆ ತಾವಾಗಿ ಬೆಳೆದು ಹೃದಯದೊಳಗೆ ಬರುತ್ತವಂತೆ. ಎಲ್ಲರಲ್ಲಿ ಅಲ್ಲ. ಬಂದವೋ ಇಲ್ಲವೋ ನೋಡಬೇಕಾದರೆ ಮೈ ದುಡಿಯುತ್ತಿರುವಾಗ ಹೃದಯದ ಗೋಡೆಗೆ ಹರಿಯುವ ರಕ್ತ ಅಳೆಯಬೇಕು. ನರ ಇರುವ ಹೃದಯ ಕೆಲಸ ಬಿದ್ದ ಕೂಡಲೇ ಓಡುತ್ತದೆ, ರಕ್ತವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಇಲ್ಲದ್ದು ಕಾಯುತ್ತದೆ.

ಅಂದಿನಿಂದ ಶೈಲಾ ಆ ಪರೀಕ್ಷೆಗೆ ಗಂಟುಬಿದ್ದಿದ್ದಳು. ಉಪವಾಸದ ಹೊಟ್ಟೆಯಲ್ಲಿ ಲೋಕಲ್ ಬೇಡವೆಂದು ಟ್ಯಾಕ್ಸಿ ಮಾಡಿದ್ದರು. ಸಾಂತಾಕ್ರೂಜ್ ದಾಟಿ ಟ್ರಾಫಿಕ್ಕಿನಲ್ಲಿ ನಿಂತಾಗ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದಳು:

"ಬಂದಿಲ್ಲ ಅಂದ್ರ ಬಂದಿಲ್ಲ. ಸಾಯೂತನಾ ನಿಮಗ ಒಂದು ಮಾತು ಅನ್ನೂದಿಲ್ಲ."

"ಬಂದಿದ್ರ?"

"ಬಂದಿದ್ರ ಈಗೀಗ ಬಂದಿರ್ತಾವ," ಎಂದಳು. "ಹಿಂದಿಂದು ಬಿಡ್ರಿ, ಇನ್ನ ಮುಂದ ನೋಡೂಣ."

ಕಾಶಿನಾಥ ತಲೆಯಾಡಿಸಿದ. ತಲೆಯಾಡಿಸುವುದು ಒಪ್ಪಿಗೆಯಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವನಿಗೆ ಬೇಕಾದ ಫಲಿತಾಂಶ ಬೇರೆ ಇತ್ತು. ಆರು ವರ್ಷ ವಾಸ ಮಾಡಿದ ಮನೆಯಿಂದ ಒಬ್ಬನನ್ನು ಹೊರಗೆ ಹಾಕುವುದು ಕಾನೂನಿನಲ್ಲೂ ಸುಲಭವಲ್ಲ.

*

ಆಸ್ಪತ್ರೆಯ ನೆಲಮಾಳಿಗೆಯ ಕೋಣೆಯಲ್ಲಿ ಧನರಾಜ್ ಎಂಬ ಟೆಕ್ನಿಶಿಯನ್ ಇದ್ದ. ಅವನು ಕಾಶಿನಾಥನನ್ನು ನೋಡುವ ಮೊದಲು ಅವನ ಕಾಲು ನೋಡಿದ.

"ಶೂಸ್ ಉತಾರೋ ಅಂಕಲ್. ಪೆಡಲಿಗೆ ನಮ್ಮದೇ ಸ್ಯಾಂಡಲ್ ಇದೆ."

ರವಿವಾರದಿಂದ ನಡೆದ ವಿಚಾರ ಅಲ್ಲಿಗೆ ಮುಗಿಯಿತು. ಕಾಶಿನಾಥ ಬಗ್ಗಿ ಲೇಸು ಬಿಚ್ಚಿದ. ಎಡಗಾಲಿನ ಸಾಕ್ಸಿನ ತುದಿಯಲ್ಲಿ ತೂತು ಬಿದ್ದು ಹೆಬ್ಬೆರಳು ಹೊರಗೆ ಬಂದಿತ್ತು. ಅದರ ಬಗ್ಗೆ ಯಾರೂ ವಿಚಾರ ಮಾಡಿರಲಿಲ್ಲ.

ಮೇಜಿನ ಮೇಲೆ ಮಲಗಿಸಿ ಎದೆಯನ್ನು ಯಂತ್ರದ ದೊಡ್ಡ ಬಳೆಯೊಳಗೆ ತಳ್ಳಿದರು. ಕಾಲು ಹೊರಗೆ, ಪೆಡಲಿನ ಮೇಲೆ. ಮೊದಲು ಸುಮ್ಮನೆ ಮಲಗಿದ ಹಾಗೇ ಒಂದು ಇಂಜೆಕ್ಷನ್ ಕೊಟ್ಟು ಚಿತ್ರ ತೆಗೆದರು. ಆ ಔಷಧಿ ರಕ್ತದ ಜೊತೆ ಹೋಗಿ ಹೃದಯದ ಗೋಡೆಗೆ ಅಂಟಿಕೊಳ್ಳುತ್ತದೆ. ರಕ್ತ ಎಲ್ಲಿ ಎಷ್ಟು ಮುಟ್ಟಿತೆಂದು ಯಂತ್ರ ಓದುತ್ತದೆ. ಧನರಾಜ್ ಇದನ್ನು ಪಾಠ ಒಪ್ಪಿಸುವವನಂತೆ ಹೇಳಿ, ನಡುವೆ ಫೋನ್ ತೆಗೆದು ಯಾರಿಗೋ ಡಬ್ಬಾದಲ್ಲಿ ಏನು ಪಲ್ಯ ಎಂದು ಕೇಳಿದ.

ಆಮೇಲೆ ತುಳಿಯುವುದು. ಮಲಗಿ ತುಳಿದರೆ ಮುಂದೆ ರಸ್ತೆ ಕಾಣುವುದಿಲ್ಲ, ಛತ್ತು ಕಾಣುತ್ತದೆ. ಛತ್ತಿನಲ್ಲಿ ನೀರಿನ ಕಲೆ ಇತ್ತು. ಕಣ್ಣ ಮೂಲೆಯಲ್ಲಿ ಮಾನಿಟರ್, ಅದರಲ್ಲಿ ಎದೆಬಡಿತದ ಹಸಿರು ಅಂಕೆ. ಮೊದಲ ವರ್ಷದ ಪರೀಕ್ಷೆಗಳಲ್ಲಿ ಆ ಅಂಕೆ ಎಷ್ಟು ತುಳಿದರೂ ಮಳೆಗೆ ನಿಂತ ಎಮ್ಮೆಯ ಹಾಗೆ ನಿಂತಲ್ಲೇ ನಿಂತಿರುತ್ತಿತ್ತು. ಅದರ ಮೇಲೆ ಅವನಿಗೆ ವಿಶ್ವಾಸವಿತ್ತು. ಇವತ್ತೂ ಹಾಗೇ ನಿಲ್ಲಲಿ ಎಂದು ಅವನು ಮನಸ್ಸನ್ನು ಶಾಂತ ಇಟ್ಟುಕೊಂಡು, ಬೇರೆಯವರ ಕಾಲಿನಿಂದ ತುಳಿಯುವವನಂತೆ ತುಳಿದ.

ಅಂಕೆ ಅಲುಗಿತು. ಪೆಡಲು ಇನ್ನೂ ಬಿಗಿಯಾಗಿರಲಿಲ್ಲ, ಬೆವರು ಬಂದಿರಲಿಲ್ಲ, ಅದಾಗಲೇ ಅದು ಮೇಲೆ ಹೊರಟಿತ್ತು.

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. "ಅಂಕಲ್, ಸೀದಾ ನೋಡಿ," ಎಂದ ಧನರಾಜ್. ಪೆಡಲು ಬಿಗಿಮಾಡುತ್ತ ಹೋದರು. ಡಾಕ್ಟರ್ ಪೆಡ್ನೇಕರ್ ಗಾಜಿನ ಆಚೆಯಿಂದ ಮೈಕಿನಲ್ಲಿ ಹುರಿದುಂಬಿಸಿದರು. ಇನ್ನು ಆಗುವುದಿಲ್ಲ ಎನ್ನುವ ಹೊತ್ತಿಗೆ ಎರಡನೆಯ ಇಂಜೆಕ್ಷನ್ ಒಳಗೆ ಹೋಯಿತು. ಈಗ ನಿಲ್ಲಿಸುವ ಹಾಗಿಲ್ಲ, ಇದೇ ಮುಖ್ಯ, ಎಂದರು. ಕಾಶಿನಾಥ ತುಳಿದ. ಪ್ರೊಫೆಸರ್ ಸಾಹೇಬರು ಬಹಳ ಸಹಕಾರ ಕೊಟ್ಟರು ಎಂದು ಆಮೇಲೆ ಹೊಗಳಿದರು. ರಿಪೋರ್ಟಿಗೆ ಸಂಜೆ ಬನ್ನಿ, ಕೂತು ಮಾತಾಡೋಣ.

ಹೊರಗೆ ಬೆಂಚಿನಲ್ಲಿದ್ದ ಶೈಲಾ ಅವನ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಅದು ಅವಳಿಗೆ ಹೊಸದಲ್ಲ.

*

ಬೈಕುಲ್ಲಾದ ಆ ಕಟ್ಟಡದಲ್ಲಿ ಲಿಫ್ಟ್ ಇಲ್ಲ. ಕೆಳಗೆ ಸುಭಾಷನ ಲೇಥ್ ಮಷೀನಿನ ವರ್ಕ್‌ಶಾಪು, ಮೂರನೇ ಮಾಳಿಗೆಯಲ್ಲಿ ಮನೆ. ಕಾಶಿನಾಥ ಓದಲು ಮುಂಬಯಿಗೆ ಬಂದವನು ಮೊದಲ ಐದು ವರ್ಷ ಇದ್ದದ್ದು ಇಲ್ಲೇ. ತೀರಿಕೊಂಡ ಅತ್ತಿಗೆ, ಸುಂದ್ರವ್ವ ವೈನಿ, ಅವನಿಗಾಗಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಒಲೆಯ ಪಕ್ಕ ಇಡುತ್ತಿದ್ದಳು. ಎಷ್ಟು ಹೊತ್ತಾಗಿ ಬಂದರೂ ಅದು ಬಿಸಿ ಇರುತ್ತಿತ್ತು. ಅವನು ಆಸ್ಪತ್ರೆಯಲ್ಲಿದ್ದಾಗ ದಿನಾ ಅಂಬಲಿ ತಂದು, ಒಳಗೆ ಬಿಡದಿದ್ದರೆ ಮೆಟ್ಟಿಲ ಮೇಲೆ ಕೂತು, ವಾಪಸು ಒಯ್ಯುತ್ತಿದ್ದಳಂತೆ. ಇವನ್ನೆಲ್ಲ ಅವನು ಮರೆತಿರಲಿಲ್ಲ. ನೆನಪಿನ ಶಕ್ತಿಗೆ ಯಾವ ಧಕ್ಕೆಯೂ ಆಗಿರಲಿಲ್ಲ.

ಅವಳು ತೀರಿಕೊಂಡಾಗ ಶೈಲಾ ಒಬ್ಬಳೇ ಬಂದು ಹೋಗಿದ್ದಳು. ಕಾಶಿಯನ್ನು ಕರೆತರಬೇಡಿ, ಸುಮ್ಮನೆ ತ್ರಾಸ, ಎಂದು ಸುಭಾಷನೇ ಹೇಳಿಕಳಿಸಿದ್ದ. ಕಾಶಿನಾಥ ಅದನ್ನು ಗೌರವದಿಂದ ಪಾಲಿಸಿದ್ದ. ಇವತ್ತು ಶೈಲಾ ಹಟ ಹಿಡಿದಿದ್ದಳು. ನರ ಇರಲಿ ಬಿಡಲಿ, ವೈನಿಯ ಕೈಯಾಗ ಉಂಡೀರಿ, ಎಂದಿದ್ದಳು.

ಮೂರು ಮಾಳಿಗೆ ಹತ್ತಿ ಅವನು ಬಾಗಿಲಲ್ಲಿ ಬಗ್ಗಿದ. ಬಲಗಾಲಿನ ಲೇಸು ಗಂಟುಬಿದ್ದಿತ್ತು. ಒಳಗೆ ಕೂತವರೆಲ್ಲ ಅವನು ಅದನ್ನು ಬಿಚ್ಚುವವರೆಗೆ ಸುಮ್ಮನೆ ನೋಡಿದರು. ಶೈಲಾ ಹೇಳಿದ್ದು ಸರಿಯಿತ್ತು.

ಸುಭಾಷ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ರಾಚವ್ವ ಅತ್ತೆ ಅವನ ಪಕ್ಕದಲ್ಲಿ ಕಾಲು ಚಾಚಿಕೊಂಡು ಕೂತು ಬಂದವರ ಉಸ್ತುವಾರಿ ನೋಡುತ್ತಿದ್ದಳು. ಮಾತಾಡಿಸಲು ಬರುವುದಕ್ಕೆ ಒಂದು ಕ್ರಮವಿದೆ. ಬಂದವರು ಕೂತು ನೆಲ ನೋಡಬೇಕು. ಮನೆಯವರು ಸಾವಿನ ಕಥೆಯನ್ನು ಮೊದಲಿಂದ ಹೇಳಬೇಕು. ಹಿಂದೆ ಎಷ್ಟು ಜನರಿಗೆ ಹೇಳಿದ್ದರೂ, ಪ್ರತಿಯೊಬ್ಬರಿಗೂ ಹೊಸದಾಗಿ, ಏನೂ ಬಿಡದೆ. ಕೇಳುವವರು ಕಣ್ಣೊರೆಸಿಕೊಳ್ಳುವ ಜಾಗಗಳೂ ಹೆಚ್ಚುಕಡಿಮೆ ಗೊತ್ತಾದವೇ. ಹೀಗೆ ಹೇಳಿ ಹೇಳಿ ದುಃಖ ಸವೆಯುತ್ತದೆ ಎಂಬ ತಿಳುವಳಿಕೆ.

ಸುಭಾಷ ಕಾಶಿನಾಥನ ಮುಖ ನೋಡಿ ಸುರು ಮಾಡಿದ.

"ಮುಂಜಾನೆ ಛಲೋ ಇದ್ಲೋ ಕಾಶಿ. ಜ್ವಾಳ ಹಸನ ಮಾಡ್ಲಿಕತ್ತಿದ್ಲು. ನಾ ಕೆಳಗ ಹೊಂಟಿದ್ದೆ. ಒಂದು ಸ್ವಲ್ಪ ತಡೀರಿ ಅಂದ್ಲು. ಯಾಕ ಅಂದೆ. ಏನಿಲ್ಲ ಹೋಗ್ರಿ ಅಂದ್ಲು. ನಾ ನಾಕು ಮೆಟ್ಟಲ ಇಳದಿದ್ದೆ—"

"ಅವನ ಮುಂದ ಯಾಕ ಹೇಳ್ತೀಯೋ ಸುಭಾಸ," ಎಂದಳು ರಾಚವ್ವ. "ಅವಗೇನು ಅದು ಮುಟ್ಟತೈತೇನು? ಸುಮ್ನ ನಿನ್ನ ಬಾಯಿಗೆ ಬ್ಯಾನಿ."

ಗದರಿಕೆಯಲ್ಲ. ಮುರಿದ ಕುರ್ಚಿಯ ಮೇಲೆ ಕೂಡಬೇಡ ಎಂದು ಎಚ್ಚರಿಸುವ ದನಿ. ಸುಭಾಷ ಅರ್ಧ ವಾಕ್ಯಕ್ಕೆ ನಿಂತ.

"ಹೌದಲ್ಲ," ಎಂದ.

ಮತ್ತೆ ಶೈಲಾಳ ಕಡೆ ತಿರುಗಿ, ಅವಳು ಹಿಂದೊಮ್ಮೆ ಕೇಳಿದ್ದ ಕಥೆಯನ್ನೇ, ನಾಲ್ಕು ಮೆಟ್ಟಿಲಿಂದ ಮುಂದುವರಿಸಿದ. ಮೇಲಿಂದ ಮೊರ ಬಿದ್ದ ಸದ್ದು. ಹತ್ತಿ ಬಂದಾಗ ಜೋಳದ ಕಾಳು ಕೋಣೆತುಂಬ. ಕಾಶಿನಾಥ ಇಬ್ಬರ ನಡುವೆ ಕೂತಿದ್ದ. ಮಾತು ಅವನ ಮೇಲಿನಿಂದ ಹಾಯ್ದು ಹೋಗುತ್ತಿತ್ತು. ಶೈಲಾ ಗೊತ್ತಾದ ಜಾಗಗಳಲ್ಲಿ ಅತ್ತಳು, ಗೊತ್ತಿಲ್ಲದ ಜಾಗದಲ್ಲೂ ಅತ್ತಳು. ಅವನಿಗೆ ಕೈ ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲೆ ಇಟ್ಟುಕೊಂಡ. ಇಲ್ಲಿಯವರೆಗೆ ಅವನಿಗೆ ಸಿಕ್ಕ ಎಲ್ಲ ಸವಲತ್ತುಗಳಲ್ಲಿ ಇದು ಎಲ್ಲಕ್ಕಿಂತ ಸಂಪೂರ್ಣವಾಗಿತ್ತು.

ಸುಭಾಷ ಕಥೆ ಮುಗಿಸಿದ. ಕೆಳಗೆ ಪಕ್ಕದ ವರ್ಕ್‌ಶಾಪಿನ ಲೇಥ್ ಕಬ್ಬಿಣ ಹೆರೆಯುತ್ತಿತ್ತು. ಆಮೇಲೆ ಅವನು ಕಾಶಿನಾಥನ ಎದೆಯ ಕಡೆ, ಅಂಗಿಯ ಗುಂಡಿಗಳ ಕಡೆ ನೋಡುತ್ತ ಕೇಳಿದ:

"ಕಾಶಿ, ಅಂಥಾದು ನನಗೂ ಒಂದು ಹಾಕ್ತಾರೇನೋ?"

ಚೇಷ್ಟೆಗೆ ಕೇಳಿದ್ದಲ್ಲ. ಒಳ್ಳೆಯ ಸ್ಪೇರ್ ಪಾರ್ಟ್ ಎಲ್ಲಿ ಸಿಗುತ್ತದೆಂದು ವಿಚಾರಿಸುವವನ ಧ್ವನಿ. ಯಾರೂ ನಗಲಿಲ್ಲ.

ಕಾಶಿನಾಥನ ಎದೆ ಒಮ್ಮೆಲೇ ಬಡಿಯಿತು. ಒಳಗಿನಿಂದ ಯಾರೋ ಬಾಗಿಲು ಗುದ್ದಿದ ಹಾಗೆ, ಮತ್ತೆ ಮತ್ತೆ. ಕಿವಿಯಲ್ಲಿ ಕೇಳಿಸುವಷ್ಟು. ಅವನು ಬೆರಳುಗಳನ್ನು ಮಂಡಿಗೆ ಒತ್ತಿ ಕೂತ. ಮೆಟ್ಟಿಲು, ಎಂದುಕೊಂಡ. ಮೂರು ಮಾಳಿಗೆ ಹತ್ತಿದ್ದು ಈಗ ಬಂದು ಮುಟ್ಟಿತು. ತಡವಾಗಿ ಮುಟ್ಟುವುದೇ ಅದರ ಸ್ವಭಾವ. ಹತ್ತಿ ಇಪ್ಪತ್ತು ನಿಮಿಷದ ಮೇಲಾಗಿತ್ತು. ಅಷ್ಟು ತಡವಾಗಬಹುದೇ? ಆಗಬಹುದು. ಬೆಳಿಗ್ಗೆ ಸೈಕಲ್ ಬೇರೆ ತುಳಿದಿದ್ದೇನೆ. ಕಾರಣಗಳು ಕರೆಯುವ ಮೊದಲೇ ಸಾಲಾಗಿ ಬಂದು ನಿಂತವು. ಜೀವನವಿಡೀ ಬೇರೆಯವರ ಕಾರಣಗಳನ್ನು ಪರೀಕ್ಷೆ ಮಾಡಿದವನಿಗೆ ತನ್ನವನ್ನು ಪೋಣಿಸಿಕೊಳ್ಳುವುದು ಕಷ್ಟವಲ್ಲ.

"ಅದು ಅಷ್ಟು ಸುಲಭ ಇಲ್ಲಣ್ಣ," ಎಂದ. "ಗುಳಿಗಿ ಬಾಳ ತಗೋಬೇಕಾಗ್ತದ."

ಸುಭಾಷ ತಲೆಯಾಡಿಸಿದ.

ಏಳುವಾಗ ಕಾಶಿನಾಥನಿಂದ ಇನ್ನೊಂದು ತಪ್ಪಾಯಿತು. ಸತ್ತ ಮನೆಯಿಂದ ಹೊರಡುವಾಗ ಹೇಳದೆ ಎದ್ದು ಹೋಗಬೇಕು. ಹೋಗಿ ಬರ್ತೀವಿ ಎನ್ನಬಾರದು, ಇಂಥ ಕೆಲಸಕ್ಕೆ ಮತ್ತೆ ಯಾರೂ ಬರುವ ಹಾಗಾಗಬಾರದು. ಇದು ಅವನಿಗೆ ಗೊತ್ತಿಲ್ಲದ್ದಲ್ಲ, ಹುಟ್ಟಿದ ಊರಿನಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಎದೆ ಇನ್ನೂ ಗುದ್ದುತ್ತಿತ್ತು, ಅಲ್ಲಿಂದ ಹೊರಗೆ ಬೀಳುವ ಅವಸರದಲ್ಲಿ ಬಾಯಿ ತನ್ನ ರೂಢಿಯ ಮಾತನ್ನು ಆಡಿಬಿಟ್ಟಿತು.

"ಬರ್ತೀನಣ್ಣ."

ಶೈಲಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ರಾಚವ್ವ ಮೊದಲು ಚೇತರಿಸಿಕೊಂಡಳು.

"ಹೋಗ್ಲಿ ಬಿಡ್ರಿ. ಅವಗ ಅಷ್ಟರ ಎಚ್ಚರಾನೂ ಉಳದಿಲ್ಲ, ಪಾಪ."

"ಬಾರೋ ತಮ್ಮ," ಎಂದ ಸುಭಾಷ. ಈ ಸಲ ಅವನ ಗಡ್ಡದಲ್ಲಿ ನಗೆಯಂಥದೇನೋ ಇತ್ತು. "ನನ್ನ ಪಾಳಿಗೂ ಬಾ."

ಲೇಸು ಕಟ್ಟಿಕೊಳ್ಳದೆ ಕಾಶಿನಾಥ ಮೆಟ್ಟಿಲಿಳಿದ.

*

ಸಂಜೆ ಡಾಕ್ಟರ್ ಪೆಡ್ನೇಕರ್ ಖುಷಿಯಲ್ಲಿದ್ದರು. ಕಂಪ್ಯೂಟರಿನ ಪರದೆಯನ್ನು ಅವರಿಬ್ಬರ ಕಡೆ ತಿರುಗಿಸಿದರು. ಅದರಲ್ಲಿ ಎರಡು ಉಂಗುರಗಳಿದ್ದವು. ಒಂದು ಮಲಗಿದಾಗಿನ ಹೃದಯ, ಒಂದು ದುಡಿದಾಗಿನದು. ಮೊದಲನೆಯದು ಹಸಿರು, ಎರಡನೆಯದು ಕೆಂಪು ಹಳದಿ, ಎಲ್ಲೂ ಕಪ್ಪು ಇಲ್ಲದ, ತುಂಬಿದ ಉಂಗುರ. ರಕ್ತ ಎಲ್ಲ ಕಡೆ ಮುಟ್ಟಿದೆ, ಎಲ್ಲೂ ಅಡ್ಡಿಯಿಲ್ಲ, ಇದು ಅವರ ವಯಸ್ಸಿನ ಯಾರ ಎದೆಯಲ್ಲಾದರೂ ಇರಬಹುದಾದ ಹೃದಯ ಎಂದರು.

"ಡಾಕ್ಟರ್, ನರ?" ಶೈಲಾ ಕೇಳಿದಳು. ಅವಳಿಗೆ ಬೇಕಾದದ್ದು ಅಷ್ಟೇ ಇತ್ತು.

ಬಂದಿವೆ, ಎಂದರು ಡಾಕ್ಟರ್. ಎಲ್ಲ ಕಡೆ ಅಲ್ಲದಿರಬಹುದು, ಮುಂದಿನ ಗೋಡೆಯಲ್ಲಂತೂ ಸಾಕಷ್ಟು. ತುಳಿಯತೊಡಗಿದ ಕೂಡಲೇ ಬಡಿತ ಏರಿದ್ದು ನೋಡಿ, ರಕ್ತ ಇಷ್ಟು ಪಟ್ಟು ಹೆಚ್ಚಾದದ್ದು ನೋಡಿ. ನರ ಇಲ್ಲದೆ ಇದು ಆಗುವುದಿಲ್ಲ. ಇನ್ನು ತಡವಾಗಿ ಏರುವುದು, ತಡವಾಗಿ ಇಳಿಯುವುದು, ಅದೆಲ್ಲ ಹಳೆಯ ಮಾತು. ಮತ್ತೊಂದು ಒಳ್ಳೆಯ ವಿಷಯ, ಇನ್ನು ಎದೆಯಲ್ಲಿ ಏನಾದರೂ ಆದರೆ ಪ್ರೊಫೆಸರ್ ಸಾಹೇಬರಿಗೆ ನೋವಾಗುತ್ತದೆ.

ಶೈಲಾಳ ಕೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು. ಬಹಳ ವರ್ಷದ ಮೇಲೆ ಹಾಗೆ ಹಿಡಿದದ್ದು. ಅವಳ ಬೆರಳು ತಣ್ಣಗಿದ್ದವು. ಅವನು ಅವಳ ಕಡೆ ನೋಡಲಿಲ್ಲ. ಮೂರು ಮಾಳಿಗೆಯ ಮೆಟ್ಟಿಲು, ಇಪ್ಪತ್ತು ನಿಮಿಷ, ಬೆಳಗಿನ ಸೈಕಲ್, ಒಂದೊಂದೇ ಸಾಲಿನಿಂದ ಎದ್ದು ಹೊರಗೆ ಹೋಗುತ್ತಿದ್ದವು.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಡಾಕ್ಟರ್ ಪೆಡ್ನೇಕರ್ ಉತ್ಸಾಹಿ ಹೆಂಗಸು. ಅವನ ಹಳೆಯ ಫೈಲಿನಲ್ಲಿ ಮೂರು ವರ್ಷದ ಹಿಂದೆ ತೆಗೆದ ಇಂಥದೇ ಚಿತ್ರವಿತ್ತಲ್ಲ, ಹೋಲಿಸೋಣವೆಂದು ಅದನ್ನೂ ತೆರೆದಿದ್ದರಂತೆ. ಪರದೆಯ ಮೇಲೆ ಮೂರನೆಯ ಉಂಗುರ ಬಂತು. ಕೆಂಪು ಹಳದಿ.

"ನೋಡಿ, ಆಗಲೇ ಬಂದಿದ್ದವು," ಎಂದರು ಹೆಮ್ಮೆಯಿಂದ. ಆಗ ನಾಳ ಕಟ್ಟಿದೆಯೋ ಎಂದಷ್ಟೇ ನೋಡಿದ್ದೆವು, ನರದ ಪ್ರಶ್ನೆ ಯಾರೂ ಕೇಳಿರಲಿಲ್ಲ, ಎಂದು ನಕ್ಕರು.

"ಮೂರು ವರ್ಷದಿಂದ," ಎಂದಳು ಶೈಲಾ.

"ಕಡಿಮೆ ಅಂದರೆ."

ಅವಳ ಕೈ ಮಣಿಕಟ್ಟಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಅವಳು ಲೆಕ್ಕ ಹಾಕುತ್ತಿದ್ದಳು. ಅವನಿಗೂ ಲೆಕ್ಕ ಬರುತ್ತಿತ್ತು. ಅವ್ವನ ಹೆಣದ ತಲೆಯ ಕಡೆ ನಿಂತದ್ದು ಎರಡು ವರ್ಷದ ಹಿಂದೆ. ಮಗಳು ಊಟ ಬಿಟ್ಟದ್ದು ಹೋದ ವರ್ಷ. ವೈನಿ ಹೋಗಿ ಹದಿನೈದು ದಿನ. ಅವಳು ಕೈ ತೆಗೆದು ಪರ್ಸಿನ ಮೇಲೆ ಇಟ್ಟುಕೊಂಡಳು. ಡಾಕ್ಟರಿಗೆ ಥ್ಯಾಂಕ್ಯೂ ಹೇಳಿದಳು.

*

ಇಬ್ಬರೂ ಸ್ಟೇಷನ್ನಿಗೆ ನಡೆದು ಬಂದರು. ಪ್ಲಾಟ್‌ಫಾರ್ಮಿನಲ್ಲಿ ಆಫೀಸು ಬಿಟ್ಟವರ ಗದ್ದಲ ಸುರುವಾಗಿತ್ತು. ಬೊರಿವಲಿ ಫಾಸ್ಟ್ ಬರುವುದಿತ್ತು. ಶೈಲಾಳ ಫೋನು ರಿಂಗಾಯಿತು. ರಾಚವ್ವ ಅತ್ತೆ. ಬೈಕುಲ್ಲಾದಿಂದ ಇವರು ಇಳಿದಾಗಿಂದ ಕಾಯುತ್ತ ಕೂತಿದ್ದಿರಬೇಕು. ಗದ್ದಲದಲ್ಲಿ ಕೇಳಲೆಂದು ಅವಳು ಕೂಗಿ ಮಾತಾಡುವುದು ಕಾಶಿನಾಥನಿಗೂ ಕೇಳಿಸಿತು: ಏನಂದ್ರವ್ವ ಡಾಕ್ಟರ? ಬಂದಾವಂತೇನು?

ಶೈಲಾ ಹಳಿಗಳ ಕಡೆ ನೋಡಿದಳು.

"ಇಲ್ರೀ ಅತ್ತಿ. ಏನೂ ಬಂದಿಲ್ಲಂತ. ಇದ್ದಂಗೇ ಅದ."

ಅತ್ತ ಕಡೆಯಿಂದ ಉದ್ದನೆಯ ಮರುಕ ಬಂತು. ಹೌದ್ರಿ, ಹೌದ್ರಿ, ಅವರ ಹಣೆಬರಹ, ಎನ್ನುತ್ತ ಶೈಲಾ ಫೋನ್ ಇಟ್ಟಳು.

"ಯಾಕ ಸುಳ್ಳ ಹೇಳಿದಿ?"

"ಮತ್ತೇನ ಹೇಳ್ಲಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೌಂಟರಿನಲ್ಲಿ ಕೂತು ಈ ಖಾತೆ ಮುಚ್ಚಿದೆ ಎಂದು ತಿಳಿಸುವವಳ ದನಿ. "ನರಾ ಇದ್ದೂ ಅಳಲಿಲ್ಲ ಅಂತ ಹೇಳಲ್ಯಾ?"

ಗಾಡಿ ಬಂತು. ಅವಳು ಹೆಂಗಸರ ಡಬ್ಬಿಯ ಕಡೆ ನಡೆದಳು. ಇವನು ಅಂಗವಿಕಲರ ಡಬ್ಬಿ ಹತ್ತಿದ. ಆಪರೇಷನ್ ಆದ ಹೊಸತರಲ್ಲಿ ಗದ್ದಲ ಬೇಡವೆಂದು ಅವಳೇ ಅವನನ್ನು ಅದರಲ್ಲಿ ಹತ್ತಿಸಿದ್ದಳು. ಆಮೇಲೆ ಇಳಿ ಎಂದು ಯಾರೂ ಹೇಳಲಿಲ್ಲ.

ಬಾಗಿಲ ಹತ್ತಿರದ ಬೆಂಚಿನಲ್ಲಿ ಒಂದು ಕಾಲಿಲ್ಲದ ತರುಣನೊಬ್ಬ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದ. ಅವನು ಕಾಶಿನಾಥನನ್ನು ಬೂಟಿನಿಂದ ತಲೆಯವರೆಗೆ ನೋಡಿದ. ಎಲ್ಲ ಕೈಕಾಲು ನೆಟ್ಟಗಿದ್ದವು. ಏನು ಕಡಿಮೆ ಎಂದು ಕಣ್ಣಿನಲ್ಲೇ ಕೇಳಿದ. ಕಾಶಿನಾಥ ಎದೆಯ ಮೇಲೆ ಕೈ ಇಟ್ಟು ತೋರಿಸಿದ. ಆ ತರುಣನಿಗೆ ಅರ್ಥವಾಯಿತು. ಊರುಗೋಲನ್ನು ನೆಟ್ಟಗೆ ಹಿಡಿದು, ಇದ್ದ ಒಂದು ಕಾಲನ್ನು ಎಳೆದುಕೊಂಡು, ಆಚೆ ಸರಿದು ಜಾಗ ಮಾಡಿಕೊಟ್ಟ.

ಕಾಶಿನಾಥ ಕೂತ. ಕೈ ಇನ್ನೂ ಎದೆಯ ಮೇಲೇ ಇತ್ತು. ಅದರ ಕೆಳಗೆ ಹೃದಯ ಹೊಡೆದುಕೊಳ್ಳುತ್ತಿತ್ತು, ತಡವಿಲ್ಲದೆ, ಜೋರಾಗಿ, ಹೊಡೆದುಕೊಳ್ಳಬೇಕಾದ ರೀತಿಯಲ್ಲೇ. ಗೋಡೆಯಾಚೆಯ ಮನೆಯ ಜಗಳ ಕೇಳುವವನ ಹಾಗೆ ಅವನು ಅದನ್ನು ಕೇಳುತ್ತ ಕೂತ.

ಗಾಡಿ ಬೊರಿವಲಿ ಮುಟ್ಟುವ ಹೊತ್ತಿಗೆ ಸುದ್ದಿ ಇಂಡಿ ದಾಟಿ ವಿಜಯಪುರದವರೆಗೆ ಹೋಗಿತ್ತು. ಕಾಶಿನಾಥನ ಎದೆಗೆ ನರ ಬಂದಿರಲಿಲ್ಲ.